ರೋಮನ್ನರ ಅಂತಃಕಲಹದ ನಾಣ್ಯಗಳು

1891ನೆಯ ಇಸವಿಯಲ್ಲಿ ಬೆಂಗಳೂರಿನ ಮಗ್ಗುಲ ಯಶವಂತಪುರದಲ್ಲಿ ರೈಲುದಾರಿಯ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ 163 ಬೆಳ್ಳಿಯ ನಾಣ್ಯಗಳು ದೊರೆತುವು. ಅವುಗಳ ಮೇಲೆ ನಮ್ಮ ದೇವತೆಗಳ ಮೂರ್ತಿಯಾಗಲಿ, ನಾಗರಿ ಪಾರಸಿ ಲಿಪಿಗಳಾಗಲಿ ಇರಲಿಲ್ಲ. ಒಂದು ಮುಖದಲ್ಲಿ ಎಲೆಗಳ ಕಿರೀಟವನ್ನು ಧರಿಸಿದ ಪುರುಷನ ತಲೆ, ಅದರ ಸುತ್ತಲೂ ಲ್ಯಾಟಿನ್ ಅಕ್ಷರಗಳು. ಅವು ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದವರ ನಾಣ್ಯಗಳು. ಎಲ್ಲಕ್ಕಿಂತ ಹಳೆಯದು ಕ್ರಿ. ಪೂ. 21ರದು, ಎಲ್ಲಕ್ಕಿಂತ ಈಚಿನದು ಕ್ರಿ. ಶ. 51ರದು. ಮುಂದೆ 1965ರಲ್ಲಿ ಅದೇ ಬೆಂಗಳೂರಿನ ವಿಮಾನ ಕಾರ್ಖಾನೆಯ ನಿಲ್ದಾಣದ ಸಮೀಪದಲ್ಲಿ ಇದೇ ಜಾತಿಯ 256 ಬೆಳ್ಳಿಯ ನಾಣ್ಯಗಳು ಸಿಕ್ಕಿದುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1929ರ ಸುಮಾರಿನಲ್ಲಿಯೂ, ಸರ್ ಮಾರ್ಟಿಮರ್ ವೀಲರ್ ಅವರು 1947ರಲ್ಲಿಯೂ ಅಗೆತವನ್ನು ನಡೆಸಿದರು; ಅಲ್ಲಿಯೂ ಆಗಸ್ಟಸ್ ಮತ್ತು ಟೈಬೀರಿಯಸರ ನಾಣ್ಯಗಳು ನಮ್ಮ ಸಾತವಾಹನರ ಕಾಲದ ಸೀಸದ ಕಾಸುಗಳ ಜೊತೆಯಲ್ಲಿ ಬೆಳಕಿಗೆ ಬಂದಿರುವುವು.

ಈ ಸಂಗತಿಗಳನ್ನು ಕೇಳಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಹುಟ್ಟಬೇಕು. ರೋಮನ್ನರು ಕ್ರಿ. ಪೂ. ಮೂರನೆಯ ಶತಮಾನದಿಂದಲೂ ಬೆಳ್ಳಿಯ ನಾಣ್ಯಗಳನ್ನು ಒತ್ತಿಸುತ್ತಿದ್ದವರು. ಹೀಗಿರುವಾಗ ಯಶವಂತಪುರದ ಗಂಟು ಕ್ರಿ. ಪೂ. 21ಕ್ಕಿಂತ ಹಿಂದಕ್ಕೆ ಏಕೆ ಹೋಗುವುದಿಲ್ಲ? ಸೀಸರ್, ಪಾಂಪೆ, ಬ್ರೂಟಸ್, ಆಂಟನಿ ಎಂಬ ಮಹಾಪುರುಷರ ಹೆಸರುಗಳು ನಾಟಕಗಳ ಮೂಲಕ ನಮ್ಮ ಕಾಲೇಜುಗಳ ಹುಡುಗರಿಗೆಲ್ಲ ಬಾಯಿಪಾಠವಾಗಿರುವುವು. ಅವರ ನಾಣ್ಯಗಳು ಮಾತ್ರ ನಮ್ಮ ನೆಲದಲ್ಲಿ ಇಷ್ಟು ವಿರಳವೇಕೆ? ಇದಕ್ಕೆ ಉತ್ತರವನ್ನು ಹುಡುಕಹೊರಟರೆ ಒಂದು ರಾಜ್ಯವು ಒಡೆದ ಕಥೆಯೇ ನಮಗೆ ಸಿಕ್ಕುವುದು.

ಮೊದಲು ನಾಣ್ಯದ ಪರಿಚಯವಾಗಲಿ. ಇದಕ್ಕೆ ದಿನಾರಿಯಸ್ ಎಂದು ಹೆಸರು. ಗಣರಾಜ್ಯದ ಕೊನೆಯ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ದಿನಾರಿಯಸ್‌ಗಳಂತೆ ಒತ್ತುತ್ತಿದ್ದರು. ಎಂದರೆ ಒಂದೊಂದರ ತೂಕ ಸುಮಾರು 3.9 ಗ್ರಾಂ, ನಮ್ಮ ತೊಲದ ಮೂರನೆಯ ಒಂದು ಪಾಲು. ಹಿಂದಿನ ಬೆಳ್ಳಿಯ ನಾಲ್ಕಾಣೆಯನ್ನು ಕೈಯಲ್ಲಿ ಹಿಡಿದು ನೋಡಿದವರು ಅದಕ್ಕಿಂತ ತುಸು ಭಾರವಾದ, ತುಸು ದಪ್ಪವಾದ ಬಿಲ್ಲೆಯೊಂದನ್ನು ಕಲ್ಪಿಸಿಕೊಂಡರೆ ಸಾಕು. ಸಂಸ್ಕೃತ ಗ್ರಂಥಗಳಲ್ಲಿಯೂ ಗುಪ್ತರ ಶಾಸನಗಳಲ್ಲಿಯೂ ಬರುವ ದೀನಾರವೆಂಬ ಮಾತು ಇದರಿಂದಲೇ ಹುಟ್ಟಿದುದು. ನಮ್ಮ ಕನ್ನಡ ಶಾಸನಗಳ ದ್ರಮ್ಮವು ಗ್ರೀಕರ ದ್ರಾಖ್ಮದಿಂದ ಬಂದಂತೆಯೇ. ಸೀಸರನು ಸಂಬಳವನ್ನು ಇಮ್ಮಡಿ ಮಾಡಿದ ಮೇಲೆ ರೋಮನ್ ಕಾಲಾಳಿಗೆ ವರ್ಷಕ್ಕೆ 225 ದಿನಾರಿಯಸ್‌ಗಳು ಸಲ್ಲುತ್ತಿದ್ದುವು. ಈ ಲೆಕ್ಕವನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ಅಂತಃಕಲಹದ ನಾಣ್ಯವೆಂದರೆ ಮುಖ್ಯವಾಗಿ ಸೈನಿಕನ ಸಂಬಳ.

ಗಣರಾಜ್ಯವು ನೆಟ್ಟಗಿದ್ದಷ್ಟು ದಿನ ಟಂಕಸಾಲೆಯ ಮೇಲ್ವಿಚಾರಣೆಗೆ ಮೂವರು ಅಧಿಕಾರಿಗಳು ವರ್ಷ ವರ್ಷವೂ ನೇಮಕವಾಗುತ್ತಿದ್ದರು. ಬಹುಮಟ್ಟಿಗೆ ದೊಡ್ಡ ಮನೆತನಗಳ ತರುಣರು. ನಾಣ್ಯದ ಮೇಲೆ ರೋಮಾ ದೇವಿಯ ತಲೆಯೋ, ಜುಪಿಟರನ ರಥವೋ, ತಮ್ಮ ವಂಶದ ಹಿರಿಯನೊಬ್ಬನ ಸಾಹಸವೋ ಇರುವಂತೆ ಅವರು ಏರ್ಪಡಿಸುತ್ತಿದ್ದರು. ಸತ್ತುಹೋದ ಪೂರ್ವಿಕರ ಮುಖವನ್ನು ಒತ್ತಿಸಲು ಅಡ್ಡಿಯಿರಲಿಲ್ಲ. ಬದುಕಿರುವ ಮನುಷ್ಯನ ಮುಖಕ್ಕೆ ಮಾತ್ರ ಅಲ್ಲಿ ಎಡೆಯಿರಲಿಲ್ಲ. ಈ ಸಂಕೋಚವು ನಮಗೆ ಅಪರಿಚಿತವಾದುದಲ್ಲ. ವಿಜಯನಗರದ ವರಾಹಗಳ ಮೇಲೆ ಉಮಾಮಹೇಶ್ವರರೂ ಬಾಲಕೃಷ್ಣನೂ ಕುಳಿತಿರುವರು. ಕಂಠೀರವ ನರಸರಾಜ ಒಡೆಯರ ಪುಟ್ಟ ಹಣದ ಮೇಲೆ ನರಸಿಂಹನಿರುವನು. ದೊರೆಯು ತನ್ನ ತಲೆಯನ್ನು ನಾಣ್ಯಕ್ಕೆ ಒತ್ತಿಸಿ ಪ್ರಜೆಗಳ ಕೈಯಲ್ಲಿಡುವ ರೂಢಿಯು ನಮ್ಮಲ್ಲಿ ಬೇರೂರಿದುದು ಪರರಾಜ್ಯದಿಂದ. 1950ರ ಆಗಸ್ಟ್ 15ರಂದು ಹೊರಬಂದ ಸ್ವತಂತ್ರ ಭಾರತದ ನಾಣ್ಯಗಳಲ್ಲಿ ರಾಜನ ತಲೆಯಿದ್ದ ಕಡೆ ಅಶೋಕನ ಸಿಂಹಸ್ತಂಭವು ಬಂದಾಗ ನಡೆದ ಬದಲಾವಣೆಯನ್ನು ತಿರುಗುಮುರುಗು ಮಾಡಿ ನೋಡಿದರೆ, ಸೀಸರನ ಕಾಲದ ರೋಮಿನಲ್ಲಿ ಆದುದು ಏನೆಂಬುದು ತಿಳಿಯುವುದು.

ಕ್ರಿ. ಪೂ. 49ರ ಜನವರಿಯಲ್ಲಿ ಸೀಸರನು ರೂಬಿಕನ್ ನದಿಯನ್ನು ದಾಟಿ ಸ್ವದೇಶದ ಮೇಲೆಯೇ ದಂಡೆತ್ತಿ ಬಂದನು. ಪಾಂಪೆಯೂ ಸೆನೇಟಿನ ಬಹುಮಂದಿಯೂ ಓಡಿಹೋದರು. ಆತುರದಲ್ಲಿ ಬೊಕ್ಕಸವನ್ನು ಬಿಟ್ಟುಹೋದರು. ಆ ಬೊಕ್ಕಸವಿದ್ದುದು ಸ್ಯಾಟರ್ನ್ ದೇವರ ಗುಡಿಯಲ್ಲಿ. ಮೆಟೆಲಸನೆಂಬ ಟ್ರಿಬ್ಯೂನನು ಬಾಗಿಲಿಗೆ ಅಡ್ಡನಿಂತಾಗ ಸೀಸರನು ಅವನಿಗೆ ಕೊಲೆಯ ಬೆದರಿಕೆಯನ್ನು ಹಾಕಿ ಒಳಗೆ ನುಗ್ಗಿದನು. ಅಲ್ಲಿಂದ ಆತನು ಹೊರತೆಗೆದುದು 15,000 ಚಿನ್ನದ ಗಟ್ಟಿಗಳು, 30,000 ಬೆಳ್ಳಿಯ ಗಟ್ಟಿಗಳು, ಮೂರು ಕೋಟಿ ಸೆಸ್ಟರ್ಸ್ ನಗದು ಎಂದು ಪ್ಲಿನಿಯು ಲೆಕ್ಕವನ್ನು ಕೊಟ್ಟಿರುವನು. ನಾಲ್ಕು ಸೆಸ್ಟರ್ಸಿಗೆ ಒಂದು ದಿನಾರಿಯಸ್. ಈ ಕಾಲದಲ್ಲಿಯೇ ಸೀಸರನ ಹೆಸರಿನ ಪ್ರಸಿದ್ಧವಾದ ಆನೆಯ ನಾಣ್ಯವು ಬಹು ದೊಡ್ಡ ಸಂಖ್ಯೆಯಲ್ಲಿ ಹೊರಬಂದಿತು. ಆತನ ಸೈನ್ಯದೊಂದಿಗೆ ಸಂಚರಿಸುತ್ತಿದ್ದ ಟಂಕಸಾಲೆಯಲ್ಲಿ ಅದನ್ನು ಒತ್ತಿದರು. ಒಂದು ಕಡೆ ಆನೆಯೊಂದು ಹಾವಿನಂತಹ ವಸ್ತುವನ್ನು ತುಳಿಯುತ್ತಿದೆ. ಅದರ ಕೆಳಗೆ ಸೀಸರ್ ಎಂದು ಬರೆದಿದೆ. ಇನ್ನೊಂದು ಕಡೆ ಪ್ರಧಾನ ಪುರೋಹಿತನ ಸಲಕರಣೆಗಳಾದ ಸೌಟು, ಪ್ರೋಕ್ಷಣೆಯ ಕುಂಚ, ಕೊಡಲಿ, ಟೊಪ್ಪಿಗೆಗಳಿವೆ. ಆನೆ ತುಳಿಯುತ್ತಿರುವುದು ಹಾವೋ ಅಥವಾ ಗಾಲ್ ಜನರ ಯುದ್ಧದ ಕಹಳೆಯೋ ಎಂಬುದನ್ನು ಕುರಿತು ಪಂಡಿತರು ಇನ್ನೂ ವಾದಿಸುತ್ತಿರುವರು. ನಮ್ಮ ಚನ್ನಪಟ್ಟಣದ ಸಂತೆಯಲ್ಲಿ ಟಿಪ್ಪುವಿನ ಆನೆಕಾಸನ್ನು ಎಣಿಸಿ ಕೊಟ್ಟವರಿಗೆ ಈ ವಾದದ ಗೊಡವೆ ಬೇಕಾಗುತ್ತಿರಲಿಲ್ಲ. ಆನೆಯೆಂದರೆ ಬಲ, ಅಕ್ಷರ ಬಾರದವನಿಗೂ ಅರ್ಥವಾಗುವ ಮಾತು. ಇಲ್ಲಿ ಇನ್ನೊಂದು ಸಂಗತಿಯು ನಮಗೆ ಮುಖ್ಯವಾಗಿ ತೋರುವುದು. ಈ ನಾಣ್ಯದ ಮೇಲೆ ರೋಮಿನ ಹೆಸರೇ ಇಲ್ಲ. ಗಣರಾಜ್ಯದ ಬೆಳ್ಳಿಯ ಮೇಲೆ ಒಬ್ಬ ಮನುಷ್ಯನ ಹೆಸರಿದೆ, ಅಷ್ಟೆ.

ಐದು ವರ್ಷಗಳಲ್ಲಿ ಹೆಸರಿನ ಜೊತೆಗೆ ಮುಖವೂ ಬಂದಿತು. ಕ್ರಿ. ಪೂ. 44ರ ಪ್ರಾರಂಭದಲ್ಲಿ ರೋಮಿನ ಟಂಕಸಾಲೆಯಿಂದಲೇ ಸೀಸರನ ಮುಖದ ದಿನಾರಿಯಸ್‌ಗಳು ಹೊರಟುವು. ಸೊರಗಿದ ಕೆನ್ನೆ, ನೆರಿಗೆಬಿದ್ದ ಕೊರಳು, ಬಕ್ಕತಲೆಯನ್ನು ಮರೆಮಾಡುವ ಎಲೆಯ ಕಿರೀಟ; ಕೆಲವುಗಳ ಮೇಲೆ ಆತನು ಆಜೀವ ಸರ್ವಾಧಿಕಾರಿಯೆಂಬ ಬಿರುದು. ಅಲ್ಲಿಂದ ಕೆಲವು ವಾರಗಳಲ್ಲಿ, ಮಾರ್ಚ್ 15ರಂದು, ಸೆನೇಟಿನ ಸಭೆಯಲ್ಲಿ ಆತನನ್ನು ಇರಿದು ಕೊಂದರು. ಮುಖವನ್ನು ಒತ್ತಿಸಿದುದೇ ಕೊಲೆಗೆ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಕೊಂದವರ ಮನಸ್ಸಿನಲ್ಲಿ ಬೇಯುತ್ತಿದ್ದ ಭಯಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇರೊಂದು ದೊರೆಯಲಾರದು.

ಆ ಕೊಂದವರಲ್ಲಿ ಪ್ರಮುಖನಾದ ಬ್ರೂಟಸನು ಪೂರ್ವದೇಶಗಳಿಗೆ ಹೋಗಿ ಸೈನ್ಯವನ್ನು ಕಟ್ಟಿದನು. ಸೈನ್ಯಕ್ಕೆ ಸಂಬಳ ಬೇಕು. ಸಂಬಳಕ್ಕೆ ನಾಣ್ಯ ಬೇಕು. ಕ್ರಿ. ಪೂ. 42ರಲ್ಲಿ ಆತನು ಒತ್ತಿಸಿದ ನಾಣ್ಯವೇ ರೋಮನ್ನರ ನಾಣ್ಯಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದು. ಹಿಂಭಾಗದಲ್ಲಿ ಎರಡು ಕಠಾರಿಗಳು; ಅವುಗಳ ನಡುವೆ ಬಿಡುಗಡೆ ಹೊಂದಿದ ದಾಸನು ಧರಿಸುವ ಟೊಪ್ಪಿಗೆ; ಕೆಳಗೆ ‘ಮಾರ್ಚಿಯ ಐಡ್ಸ್’ ಎಂಬ ಅರ್ಥದ ಸಂಕ್ಷೇಪಾಕ್ಷರಗಳು. ಒಂದು ಕೊಲೆಯ ತಾರೀಖನ್ನು ನಾಣ್ಯದ ಮೇಲೆ ಹೆಮ್ಮೆಯಿಂದ ಬರೆಯಿಸಿದ ಇಂತಹ ಉದಾಹರಣೆ ಬೇರೆಲ್ಲಿ ಸಿಕ್ಕೀತು! ಮೂರನೆಯ ಶತಮಾನದ ಚರಿತ್ರಕಾರನಾದ ಡಿಯೋ ಕ್ಯಾಸಿಯಸನು ಇದನ್ನು ಹೆಸರಿಸಿ ವರ್ಣಿಸಿರುವನು. ಹಳೆಯ ಗ್ರಂಥಕಾರರು ಒಂದು ನಿರ್ದಿಷ್ಟ ನಾಣ್ಯವನ್ನು ಹೀಗೆ ವರ್ಣಿಸುವುದು ಬಲು ಅಪೂರ್ವ. ಇದರ ಮುಂಭಾಗವನ್ನು ತಿರುಗಿಸಿ ನೋಡಿದವರಿಗೆ ಮಾತ್ರ ನಗೆಯೂ ವ್ಯಥೆಯೂ ಒಟ್ಟಿಗೆ ಬರಬೇಕು. ಅಲ್ಲಿರುವುದು ಸ್ವಾತಂತ್ರ್ಯದೇವಿಯ ತಲೆಯಲ್ಲ. ಅಲ್ಲಿರುವುದು ಬ್ರೂಟಸನ ತಲೆ. ಯಾವ ಅಹಂಕಾರವನ್ನು ಅಳಿಸಲೆಂದು ಸೀಸರನನ್ನು ಕೊಂದರೋ ಆ ಅಹಂಕಾರವು ಎರಡು ವರ್ಷಗಳೊಳಗೆ ಕೊಂದವನ ಟಂಕಸಾಲೆಗೆ ಬಂದು ಕುಳಿತಿತು. ಬ್ರೂಟಸನು ಸಜ್ಜನನೆಂದು ಆತನ ಶತ್ರುಗಳೂ ಒಪ್ಪಿದ್ದರು. ಆದುದರಿಂದ ಇದನ್ನು ಆತನ ದುರ್ಗುಣವೆಂದು ನಾವು ಎಣಿಸುವುದಿಲ್ಲ. ಸೈನಿಕನು ತನಗೆ ಸಂಬಳ ಕೊಡುವವನ ಮುಖವನ್ನು ನೋಡಬಯಸುವ ಕಾಲವು ಬಂದುಬಿಟ್ಟಿತ್ತು. ಆ ಕಾಲಕ್ಕೆ ಗಣರಾಜ್ಯವು ಸತ್ತೇಹೋಗಿತ್ತೆಂದು ನಮ್ಮ ಅಭಿಪ್ರಾಯ. ಆ ವರ್ಷದ ಅಕ್ಟೋಬರಿನಲ್ಲಿ ಫಿಲಿಪಿಯ ರಣರಂಗದಲ್ಲಿ ನಡೆದುದು ಉತ್ತರಕ್ರಿಯೆ.

ಪಾಂಪೆಯ ಕಿರಿಯ ಮಗನಾದ ಸೆಕ್ಸ್ಟಸನು ಸಿಸಿಲಿ ದ್ವೀಪವನ್ನು ಹಿಡಿದು, ರೋಮಿಗೆ ಬರುವ ಧಾನ್ಯದ ಹಡಗುಗಳನ್ನು ತಡೆದು, ಮೆಸ್ಸಾನದ ದೀಪಸ್ತಂಭವಿರುವ ಚೆಲುವಾದ ನಾಣ್ಯವನ್ನು ಒತ್ತಿಸಿದನು. ಅದರ ಕಥೆಯನ್ನು ಇಲ್ಲಿ ಬಿಟ್ಟು ಆಂಟನಿಯ ನಾಣ್ಯಕ್ಕೆ ಬರೋಣ. ನಮ್ಮ ಪ್ರಶ್ನೆಗೆ ಉತ್ತರದ ಒಂದು ಪಾಲು ಅದರಲ್ಲಿದೆ.

ಕ್ರಿ. ಪೂ. 32 ಮತ್ತು 31ರಲ್ಲಿ ಆಂಟನಿಯು ಆಕ್ಟೇವಿಯನನೊಡನೆ ಕೊನೆಯ ಹೋರಾಟಕ್ಕೆ ಸಿದ್ಧನಾಗುತ್ತಿದ್ದಾಗ ತನ್ನ ಪಡೆಗಳಿಗೆಲ್ಲ ಬೇರೆ ಬೇರೆ ಸಂಖ್ಯೆಗಳನ್ನು ಹಾಕಿಸಿ ದಿನಾರಿಯಸ್‌ಗಳನ್ನು ಒತ್ತಿಸಿದನು. ಮುಂಭಾಗದಲ್ಲಿ ಹುಟ್ಟುಗಳ ಯುದ್ಧನೌಕೆ. ಹಿಂಭಾಗದಲ್ಲಿ ಎರಡು ಪತಾಕೆಗಳ ನಡುವೆ ಪಡೆಯ ಗರುಡಧ್ವಜ, ಕೆಳಗೆ ಆ ಪಡೆಯ ಸಂಖ್ಯೆ. ಎರಡರಿಂದ ಇಪ್ಪತ್ತಮೂರರವರೆಗಿನ ಪಡೆಗಳ ನಾಣ್ಯಗಳು ಸಂಗ್ರಹಕಾರರಿಗೆ ದೊರೆಯುವುವು. ನೋಟಕ್ಕೆ ಸೊಗಸು, ಲೋಹದಲ್ಲಿ ಮೋಸ. ಬೆಳ್ಳಿಗೆ ಆತನು ಕೀಳು ಲೋಹವನ್ನು ಬೆರೆಸಿದನೆಂದು ಪ್ಲಿನಿಯೇ ಬರೆದಿಟ್ಟಿರುವನು. ಇದರ ಪರಿಣಾಮವೇನಾಯಿತೆಂದರೆ, ಒಳ್ಳೆಯ ಬೆಳ್ಳಿಯನ್ನು ಕೈಯಲ್ಲಿ ಹಿಡಿದವರು ಅದನ್ನು ಬಚ್ಚಿಟ್ಟರು. ಆಂಟನಿಯ ನಾಣ್ಯವನ್ನು ಹಿಡಿದವರು ಆದಷ್ಟು ಬೇಗ ಬೇರೆಯವರ ಕೈಗೆ ದಾಟಿಸಿದರು. ಕೀಳು ನಾಣ್ಯವು ಮೇಲು ನಾಣ್ಯವನ್ನು ಸಂತೆಯಿಂದ ಓಡಿಸುವುದೆಂಬ ಅರ್ಥಶಾಸ್ತ್ರದ ಸೂತ್ರವನ್ನು ಪರೀಕ್ಷೆಗಾಗಿ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾವು ಕೊಡಲಾರೆವು. ಆಂಟನಿಯ ನಾಣ್ಯಗಳು ಕೈಯಿಂದ ಕೈಗೆ ಹರಿದು ಇನ್ನೂರು ವರ್ಷಗಳವರೆಗೂ ಚಲಾವಣೆಯಲ್ಲಿದ್ದುವು. ಇಂದು ಸಿಕ್ಕುವುವುಗಳಲ್ಲಿ ಬಹಳಷ್ಟು ಸವೆದು ಹೋಗಿ, ನೌಕೆಯ ಹುಟ್ಟುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಬೇಕಾದ ಸ್ಥಿತಿಯಲ್ಲಿರುವುದು ಇದರಿಂದಲೇ.

ಬಚ್ಚಿಡುವ ಮಾತು ಬಂದುದರಿಂದ ಒಂದು ಅವಾಂತರ ವಿಷಯವನ್ನು ಹೇಳಬೇಕಾಗಿದೆ. ಇಟಲಿಯಲ್ಲಿ ಸಿಕ್ಕಿರುವ ಗಣರಾಜ್ಯದ ಕಾಲದ ನಾಣ್ಯಗಳ ಗಡಿಗೆಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಅವುಗಳ ಸಂಖ್ಯೆಯು ಯುದ್ಧದ ವರ್ಷಗಳಲ್ಲಿ ಏರುವುದು, ಶಾಂತಿಯ ವರ್ಷಗಳಲ್ಲಿ ಇಳಿಯುವುದು. ಯುದ್ಧಕಾಲದಲ್ಲಿ ಜನರು ಹೆಚ್ಚು ಹಣವನ್ನು ಹೂಳುವರೆಂಬುದು ಇದಕ್ಕೆ ಅರ್ಧ ಕಾರಣ. ಉಳಿದ ಅರ್ಧವೇ ಕರುಣಾಜನಕವಾದುದು. ಹೂಳಿದವನು ಬದುಕಿ ಬಂದಿದ್ದರೆ ಗಡಿಗೆಯನ್ನು ತೆಗೆದುಕೊಳ್ಳುತ್ತಿದ್ದನು. ನಮ್ಮ ಕೈಗೆ ಸಿಕ್ಕಿರುವ ಗಡಿಗೆಗಳೆಲ್ಲ ಹಿಂದಿರುಗಿ ಬಾರದವರ ಗಡಿಗೆಗಳು. ಕನಕಪುರದವರು ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆ ಊರು ಕಾನಕಾನಹಳ್ಳಿಯೆಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಹದಿನೆಂಟನೆಯ ಶತಮಾನದ ಕೊನೆಯ ಮೈಸೂರು ಯುದ್ಧಗಳಲ್ಲಿ, ಇಂಗ್ಲಿಷರ ದಂಡಿಗೆ ಆಸರೆಯಾಗಬಾರದೆಂದು ಟಿಪ್ಪುಸುಲ್ತಾನನು ಅದನ್ನು ಎರಡು ಬಾರಿ ಹಾಳುಮಾಡಿಸಿದನು. ಮನೆಗೆ ಬೆಂಕಿ ಬೀಳುವುದೆಂದು ಗೊತ್ತಾದ ಒಕ್ಕಲಿಗನು, ಸೆಟ್ಟಿಯು, ತನ್ನ ವರಾಹಗಳನ್ನು ಹೊತ್ತುಕೊಂಡು ಕಾಡಿಗೆ ಹೋಗುವನೇ? ಹಿತ್ತಲಿನ ಹುಣಸೆಯ ಮರದ ಬುಡವನ್ನು ನೆನೆಯುವನು. ಸೀಸರನ ಕಾಲದ ಇಟಲಿಯ ರೈತನೂ ಮಾಡಿದುದು ಇಷ್ಟನ್ನೇ.

ಕ್ರಿ. ಪೂ. 31ರ ಸೆಪ್ಟೆಂಬರ್ 2ರಂದು ಆಕ್ಟಿಯಮಿನ ಸಮುದ್ರಯುದ್ಧದಲ್ಲಿ ಆಂಟನಿಯು ಸೋತನು. ಮರುವರ್ಷ ಆತನೂ ಕ್ಲಿಯೋಪಾತ್ರಳೂ ಪ್ರಾಣಬಿಟ್ಟರು. ಈಜಿಪ್ಟ್ ದೇಶವು ರೋಮಿನ ಸ್ವತ್ತಾಯಿತು. ಆಕ್ಟೇವಿಯನನು ಮೊಸಳೆಯ ಚಿತ್ರವನ್ನು ಹಾಕಿಸಿ, ಈಜಿಪ್ಟ್ ವಶವಾಯಿತೆಂದು ಬರೆಯಿಸಿ ನಾಣ್ಯವನ್ನು ಹೊರಡಿಸಿದನು. ನಮ್ಮ ಯಶವಂತಪುರದ ಕಥೆಯು ಪ್ರಾರಂಭವಾಗುವುದು ಆ ಮೊಸಳೆಯಿಂದಲೇ ಎನ್ನಬಹುದು. ಈಜಿಪ್ಟ್ ಕೈಗೆ ಬಂದೊಡನೆ ಕೆಂಪು ಸಮುದ್ರದ ರೇವುಗಳು ರೋಮನ್ ವರ್ತಕರಿಗೆ ತೆರೆದುವು. ಮಾನ್ಸೂನ್ ಮಾರುತವನ್ನು ನಂಬಿ ಹಡಗುಗಳು ನೇರವಾಗಿ ನಮ್ಮ ಪಶ್ಚಿಮ ಕರಾವಳಿಗೆ ಬರತೊಡಗಿದುವು. ಮಯೋಸ್ ಹಾರ್ಮೋಸ್ ಎಂಬ ಒಂದೇ ರೇವಿನಿಂದ ವರ್ಷಕ್ಕೆ 120 ಹಡಗುಗಳು ಇಂಡಿಯಾಕ್ಕೆ ಹೊರಡುತ್ತಿದ್ದುವೆಂದು ಸಮಕಾಲೀನನಾದ ಸ್ಟ್ರೇಬೋ ಹೇಳಿರುವನು. ಮಲೆಯಾಳದ ಮೆಣಸು, ಕೊಯಮತ್ತೂರು ಸೀಮೆಯ ಹಸುರು ಬೆರಿಲ್ ಕಲ್ಲು, ಮುತ್ತು, ಹತ್ತಿಯ ಬಟ್ಟೆ, ಚೀನದಿಂದ ನಮ್ಮ ರೇವುಗಳ ಮೂಲಕ ಸಾಗುತ್ತಿದ್ದ ರೇಷ್ಮೆ, ಇವಕ್ಕೆಲ್ಲ ಬದಲಾಗಿ ಕೊಡಲು ಅವರಲ್ಲಿ ನಾಣ್ಯವಲ್ಲದೆ ಹೆಚ್ಚಿನದೇನೂ ಇರಲಿಲ್ಲ. ವರ್ಷವೊಂದಕ್ಕೆ ಐದು ಕೋಟಿ ಸೆಸ್ಟರ್ಸ್ ಇಂಡಿಯಾಕ್ಕೆ ಹರಿದುಹೋಗುತ್ತಿದೆಯೆಂದು ಪ್ಲಿನಿಯು ಹಲುಬಿದನು. ಹೆಂಗಸರ ಭೋಗವಸ್ತುಗಳ ಮೇಲೆ ತಪ್ಪು ಹೊರಿಸಿದನು. ಇಂದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಗ್ಗೆ ನಿಂತು ನೋಡುವವರಿಗೆ, ಒಂದು ಹುಳುವಿನ ನೂಲಿಗಾಗಿ ಒಂದು ಸಾಮ್ರಾಜ್ಯವು ಕಂಗೆಟ್ಟುದು ಅಷ್ಟೇನೂ ಆಶ್ಚರ್ಯವಾಗಿ ತೋರಲಾರದು.

ಹೀಗೆ, ಅಂತಃಕಲಹವು ಮುಗಿದುದರ ಫಲವಾಗಿಯೇ ರೋಮಿನ ಬೆಳ್ಳಿಯು ನಮ್ಮ ನಾಡಿಗೆ ಬಂದಿತು. ಆಕ್ಟಿಯಮಿಗೂ ಯಶವಂತಪುರದ ಅತ್ಯಂತ ಹಳೆಯ ನಾಣ್ಯಕ್ಕೂ ನಡುವಣ ಅಂತರವು ಕೇವಲ ಹತ್ತು ವರ್ಷ. ಕಲಹಕಾಲದ ನಾಣ್ಯಗಳು ಅಷ್ಟರಲ್ಲಿ ಸವೆದಿದ್ದುವು, ಆಂಟನಿಯವು ಕೀಳಾಗಿದ್ದುವು. ನಮ್ಮವರಾದರೋ ನಾಣ್ಯವನ್ನು ಅದರ ಮೇಲಿನ ಹೆಸರಿಗಾಗಿ ಕೊಳ್ಳುತ್ತಿರಲಿಲ್ಲ. ಅದು ಬೆಳ್ಳಿಯ ಗಟ್ಟಿ. ತೂಗಬೇಕು, ಒರೆಗೆ ಹಚ್ಚಬೇಕು. ನಮ್ಮ ಚಿನಿವಾರರು ಹುಟ್ಟಾ ಸಂಶಯಪ್ರಾಣಿಗಳು. ಪುದುಕ್ಕೋಟೆಯಲ್ಲಿ 1898ರಲ್ಲಿ ಸಿಕ್ಕಿದ 501 ಚಿನ್ನದ ರೋಮನ್ ನಾಣ್ಯಗಳಲ್ಲಿ ಬಹುಪಾಲು ನಾಣ್ಯಗಳ ಮುಖದ ಮೇಲೆಯೇ ಉಳಿಯ ಕಚ್ಚು ಬಿದ್ದಿರುವುದು. ದಕ್ಷಿಣದಲ್ಲಿ ದೊರೆತಿರುವ ಬೆಳ್ಳಿಯ ರೋಮನ್ ನಾಣ್ಯಗಳಲ್ಲಿ ಹೆಚ್ಚಿನವು ಎರಡೇ ಬಗೆಯವು: ಆಗಸ್ಟಸನ ಇಬ್ಬರು ಮೊಮ್ಮಕ್ಕಳು ಗುರಾಣಿಗಳನ್ನು ಹಿಡಿದು ನಿಂತಿರುವುದು ಒಂದು, ಟೈಬೀರಿಯಸನ ತಲೆಯೂ ಹಿಂಭಾಗದಲ್ಲಿ ಪೀಠದ ಮೇಲೆ ಕುಳಿತ ಸ್ತ್ರೀಯೂ ಇರುವುದು ಇನ್ನೊಂದು. ಎರಡೂ ಶುದ್ಧವಾದ ಬೆಳ್ಳಿ, ಪೂರ್ಣ ತೂಕ. ಸಿಂಹಳದ ದೊರೆಯೊಬ್ಬನು ಬೇರೆ ಬೇರೆ ಮುಖಗಳಿದ್ದ ದಿನಾರಿಯಸ್‌ಗಳು ಒಂದೇ ತೂಕವಾಗಿರುವುದನ್ನು ಕಂಡು ರೋಮನ್ನರ ಪ್ರಾಮಾಣಿಕತೆಗೆ ತಲೆದೂಗಿದನೆಂಬ ಕಥೆಯೂ ಪ್ಲಿನಿಯಲ್ಲಿದೆ. ಕ್ರಿ. ಶ. 64ರಲ್ಲಿ ನೀರೋ ಚಕ್ರವರ್ತಿಯು ದಿನಾರಿಯಸಿನ ತೂಕವನ್ನು ಪೌಂಡಿಗೆ 96ಕ್ಕೆ ಇಳಿಸಿದ ಮೇಲೆ ಒತ್ತಿದ ಬೆಳ್ಳಿಯು ನಮ್ಮಲ್ಲಿ ಅಪರೂಪವಾಗುವುದು. ಪರಕೀಯರ ಮೋಸವು ನಮ್ಮ ತಕ್ಕಡಿಯಲ್ಲಿ ಬಯಲಾಗಿರಬೇಕು. ಗಣರಾಜ್ಯದ ಬೆಳ್ಳಿಯು ಉತ್ತರದಲ್ಲಿ ಮಾತ್ರ ಒಂದು ಸ್ಮರಣೀಯವಾದ ಕಡೆ ಕಾಣಿಸಿಕೊಂಡಿದೆ. 1830ರ ದಶಕದಲ್ಲಿ ರಣಜಿತ್ ಸಿಂಗನ ಸೇವೆಯಲ್ಲಿದ್ದ ಜನರಲ್ ಕೋರ್ಟ್ ಎಂಬ ಫ್ರೆಂಚನು ಪಂಜಾಬಿನ ಮಾಣಿಕ್ಯಾಲದ ಸ್ತೂಪವೊಂದನ್ನು ಅಗೆಯಿಸಿದಾಗ ಕನಿಷ್ಕನ ನಾಣ್ಯಗಳ ಜೊತೆಯಲ್ಲಿ ಏಳು ರೋಮನ್ ದಿನಾರಿಯಸ್‌ಗಳು ದೊರೆತುವು. ಸೀಸರನದೂ ಆಂಟನಿಯದೂ ಅವುಗಳಲ್ಲಿ ಇದ್ದುವು. ಒಬ್ಬರನ್ನೊಬ್ಬರು ಕೊಂದುಕೊಂಡ ಆ ಪಕ್ಷದವರ ಬೆಳ್ಳಿಯು ಬುದ್ಧನ ಧಾತುವಿನ ಪಕ್ಕದಲ್ಲಿ ನೆಮ್ಮದಿಯಾಗಿ ಮಲಗಿತ್ತು.

ಇನ್ನು ಸಂಗ್ರಹದ ವಿಷಯ. ನಗರವಾಸಿಗಳಾದ ವಿದ್ಯಾವಂತರಲ್ಲಿ ಈ ಹವ್ಯಾಸವು ಹಬ್ಬುತ್ತಿರುವುದು ಸಂತೋಷವೇ. ಅಂತಃಕಲಹದ ನಾಣ್ಯಗಳಲ್ಲಿ ಆನೆಯ ದಿನಾರಿಯಸ್ ಮತ್ತು ಆಂಟನಿಯ ಪಡೆಗಳ ದಿನಾರಿಯಸ್ ಬಹು ದೊಡ್ಡ ಸಂಖ್ಯೆಯಲ್ಲಿ ಉಳಿದುಬಂದಿರುವುದರಿಂದ ಅವು ಸಾಧಾರಣ ಸಂಪಾದನೆಯವರಿಗೂ ಎಟುಕಬಹುದು. ಬ್ರೂಟಸನ ಕಠಾರಿಯ ನಾಣ್ಯವು ಬೆಳ್ಳಿಯಲ್ಲಿ ನೂರರಷ್ಟು ಮಾತ್ರ ಉಳಿದಿರುವುದರಿಂದ ಅದು ಶ್ರೀಮಂತರ ಪದಾರ್ಥ. ಅಥವಾ, ಇನ್ನೂ ಹೆಚ್ಚಾಗಿ, ಮೋಸಗಾರರ ಪದಾರ್ಥ. ಹಳೆಯ ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಬಿಸಿ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಆದುದರಿಂದ ಒಂದರಂತೆ ಇನ್ನೊಂದು ಇರಲಾರದು. ಒಂದರಲ್ಲಿ ತಲೆಯು ಅಂಚಿಗೆ ಸರಿದಿರುವುದು, ಇನ್ನೊಂದರಲ್ಲಿ ಅಕ್ಷರಗಳು ಹೊರಗೆ ಉಳಿದಿರುವುವು. ಅಂಚಿನ ಬಿರುಕೂ ಸೇರಿ ಎಲ್ಲ ಗುರುತುಗಳೂ ಒಂದೇ ಆಗಿರುವ ಎರಡು ನಾಣ್ಯಗಳನ್ನು ಕಂಡರೆ ಎರಕದ ನಕಲೆಂದು ತಿಳಿಯಬೇಕು. ಅಂಚಿನ ಸುತ್ತ ಎರಕದ ಗೆರೆಯುಂಟೇ, ಮೈಮೇಲೆ ಗುಳ್ಳೆಗಳ ಸಣ್ಣ ಕುಳಿಗಳುಂಟೇ, ತೂಕವು ಸರಿಯೇ ಎಂಬುದನ್ನು ಭೂತಗನ್ನಡಿ ಮತ್ತು ತಕ್ಕಡಿಗಳಿಂದ ನೋಡಿಯೇ ಮುಂದಿನ ಮಾತು. ತಾಮ್ರದ ತಿರುಳಿಗೆ ಬೆಳ್ಳಿಯ ಹೊದಿಕೆಯನ್ನು ಹಾಕಿದ ಸುಳ್ಳು ನಾಣ್ಯಗಳು ರೋಮನ್ನರ ಕಾಲದಲ್ಲಿಯೇ ಇದ್ದುವು. ಅವನ್ನೂ ಈಗ ಸಂಗ್ರಹಿಸುವವರುಂಟು. ಹೊಸಗಾಲದ ಮೋಸಗಾರರಲ್ಲಿ ಜರ್ಮನಿಯ ಬೆಕರನು ಚಕ್ರವರ್ತಿ. 1830ರಲ್ಲಿ ತೀರಿಕೊಂಡ ಈತನು ಅಚ್ಚುಗಳನ್ನು ಸ್ವಹಸ್ತದಿಂದ ಕೊರೆದು ನಾಣ್ಯಗಳನ್ನು ಒತ್ತಿ, ಜಿಡ್ಡು ಮತ್ತು ಕಬ್ಬಿಣದ ಪುಡಿಯಿದ್ದ ಪೆಟ್ಟಿಗೆಯಲ್ಲಿ ಅವನ್ನು ತುಂಬಿ, ಕುದುರೆಗಾಡಿಗೆ ಕಟ್ಟಿಕೊಂಡು ಊರು ಸುತ್ತಿ ಬರುತ್ತಿದ್ದನಂತೆ. ಗಾಡಿಯ ಕುಲುಕಾಟದಲ್ಲಿ ಒಂದು ದಿನಕ್ಕೆ ನೂರಾರು ವರ್ಷಗಳ ಸವೆತವು ಬರುತ್ತಿತ್ತು!

ನಮ್ಮ ಮನೆಗಳಲ್ಲಿ ಬೇರೊಂದು ಬಗೆಯ ಹಾನಿಯು ನಡೆಯುವುದು. ಹಳೆಯ ನಾಣ್ಯವು ಕೈಗೆ ಬಂದೊಡನೆ ಹುಣಸೆಹಣ್ಣು, ಬೂದಿಗಳನ್ನು ಹಾಕಿ ತಿಕ್ಕಿ ಪೂಜೆಯ ಪಾತ್ರೆಯಂತೆ ಥಳಥಳಿಸುವ ಹಾಗೆ ಮಾಡುವರು. ಎರಡು ಸಾವಿರ ವರ್ಷಗಳಲ್ಲಿ ನಾಣ್ಯದ ಮೈಮೇಲೆ ಕೂಡಿದ ಕಪ್ಪು ಹೊದಿಕೆಯು ಒಂದು ಗಳಿಗೆಯಲ್ಲಿ ತೊಳೆದುಹೋಗುವುದು. ಸಣ್ಣ ಅಕ್ಷರಗಳೂ ಅದರೊಡನೆಯೇ ಹೋಗುವುವು. ಕೊರಳ ಸರಕ್ಕೆ ಕೋಯಲೆಂದು ತೂತು ಕೊರೆಯಿಸುವ ಪದ್ಧತಿಯಂತೂ ಪ್ರಾಚೀನರಿಂದಲೇ ಬಂದುದು; ರೋಮನ್ ನಾಣ್ಯವು ಸಿಕ್ಕದವರು ಟೈಬೀರಿಯಸನ ಮುಖವನ್ನು ಜೇಡಿಮಣ್ಣಿನಲ್ಲಿ ಒತ್ತಿ, ಸುಟ್ಟು, ಪದಕವಾಗಿ ಧರಿಸುತ್ತಿದ್ದುದು ತೆಲಂಗಾಣದ ಕೊಂಡಾಪುರದ ಅಗೆತದಿಂದ ತಿಳಿದಿದೆ.

ಎಲ್ಲಕ್ಕಿಂತ ದೊಡ್ಡ ಹಾನಿಯೆಂದರೆ ನಾಣ್ಯವು ಸಿಕ್ಕಿದ ಸ್ಥಳದ ಜ್ಞಾನವು ಕಳೆದುಹೋಗುವುದು. 1847ರಲ್ಲಿ ಕಣ್ಣಾನೂರಿನ ಬಳಿಯ ಕೋಟ್ಟಯಂ ಎಂಬಲ್ಲಿ ಐದು ಕೂಲಿಗಳ ಹೊರೆಯಷ್ಟು ಚಿನ್ನದ ರೋಮನ್ ನಾಣ್ಯಗಳು ದೊರೆತುವೆಂದು ಆ ಕಾಲದವರು ಬರೆದಿಟ್ಟರು. ಬಹುಭಾಗವು ಅಕ್ಕಸಾಲೆಗಳ ಕುಲುಮೆಗೆ ಹೋಯಿತು. ಕರಗಿಹೋದ ಚಿನ್ನಕ್ಕೆ ನಾವು ಅಳಬೇಕಾಗಿಲ್ಲ. ಆ ಗಡಿಗೆಯನ್ನು ಹೂಳಿದ ವರ್ಷ, ಅದರಲ್ಲಿದ್ದ ನಾಣ್ಯಗಳ ಪ್ರಮಾಣ, ಮೆಣಸಿನ ವ್ಯಾಪಾರದ ಏರಿಳಿತ ಇವೆಲ್ಲವೂ ಅದರೊಡನೆ ಕರಗಿದುವು. ಬ್ರೂಟಸನ ಚಿನ್ನದ ನಾಣ್ಯಗಳಲ್ಲಿ ಮೂರು ಮಾತ್ರ ಉಳಿದಿರುವುವೆಂದು ಪ್ರಸಿದ್ಧಿ. ಅವುಗಳಲ್ಲೊಂದು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 42 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಹಿಂದಿನ ಒಡೆಯರ ವಿವರವನ್ನು ಕೊಟ್ಟಿದ್ದ ಕಾಗದಪತ್ರಗಳು ಸುಳ್ಳೆಂದು ಆಮೇಲೆ ಹೊರಬಿದ್ದಿತು; ಅದು ಗ್ರೀಸಿನ ನೆಲದಿಂದ ಕದ್ದು ಸಾಗಿಸಿದ ಸ್ವತ್ತೆಂದು 2023ರಲ್ಲಿ ಗ್ರೀಸ್ ದೇಶಕ್ಕೆ ಒಪ್ಪಿಸಲಾಯಿತು. ಎಲ್ಲಿ, ಯಾರ ಹೊಲದಲ್ಲಿ, ಯಾವ ನಾಣ್ಯಗಳ ನಡುವೆ ಅದು ಇತ್ತು ಎಂಬುದನ್ನು ಯಾವ ನ್ಯಾಯಾಲಯವೂ ಹಿಂದಕ್ಕೆ ಕೊಡಿಸಲಾರದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಿವಾಸಿಗಳಿಗೆ ಈ ಮಾತು ವಿಶೇಷವಾಗಿ ಸಲ್ಲುವುದು. ಈ ಸೀಮೆಯ ಉತ್ತರಕ್ಕೆ ಯಶವಂತಪುರದ ನಿಧಿ. ದಕ್ಷಿಣಕ್ಕೆ ಕಾವೇರಿಯಾಚೆ, ಘಟ್ಟದ ಕೆಳಗೆ, ಕೊಯಮತ್ತೂರಿನ ಪಕ್ಕದ ವೆಳ್ಳಲೂರಿನಲ್ಲಿ 1842ರಲ್ಲಿ ಐನೂರಕ್ಕೂ ಮಿಕ್ಕು ದಿನಾರಿಯಸ್‌ಗಳು ಸಿಕ್ಕಿದ ಸ್ಥಳ. ಒಂದರಿಂದ ಇನ್ನೊಂದಕ್ಕೆ ಬೆಳ್ಳಿಯು ಹಾರಿ ಬಂದಿರಲಾರದು. ಎತ್ತಿನ ಮೇಲೋ ಮನುಷ್ಯರ ಹೆಗಲ ಮೇಲೋ ನಡುವಣ ನಾಡನ್ನು ಹಾಯ್ದೇ ಬಂದಿರಬೇಕು. ಮಾಗಡಿಯ ಬಳಿ ಸಾವನದುರ್ಗದ ಬುಡದಲ್ಲಿರುವ ಪ್ರಾಚೀನ ಕಲ್ಲುಗೋರಿಗಳನ್ನು ಬ್ರಾನ್‌ಫಿಲ್ ಎಂಬ ಅಧಿಕಾರಿಯು 1881ರಲ್ಲಿಯೇ ವರ್ಣಿಸಿ ಬರೆದಿದ್ದನು. ಆ ಬಂಡೆಗಳ ನಾಡು ನಿರ್ಜನವಾಗಿರಲಿಲ್ಲವೆಂಬುದಕ್ಕೆ ಅಷ್ಟು ಸಾಕು. ಈಗ ಅಲ್ಲೆಲ್ಲ ಹೆದ್ದಾರಿಗಳ ಅಗೆತ, ಮನೆಗಳ ಪಾಯದ ಅಗೆತ, ಕೊಳವೆಬಾವಿಗಳ ಕೊರೆತ ನಡೆಯುತ್ತಿರುವುವು. ನಿಧಿ ಶಾಸನದ ಪ್ರಕಾರ ನಿಧಿಯನ್ನು ಕಂಡವನು ಅದನ್ನು ಸರ್ಕಾರದ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಇದರ ಮೇಲೆ, ನೂರು ವರ್ಷಕ್ಕೆ ಹಿಂದಿನ ನಾಣ್ಯಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಶಾಸನವು ನಿಷೇಧಿಸಿದೆ. ಕಾನೂನಿನ ಹೆದರಿಕೆಯಿಂದ ಗಡಿಗೆಯನ್ನು ರಾತ್ರೋರಾತ್ರಿ ಹಂಚಿಕೊಳ್ಳುವ ಬುದ್ಧಿಯೇ ಜನರಲ್ಲಿ ಹೆಚ್ಚು. ಊರಿನ ಉಪಾಧ್ಯಾಯರೂ ವಕೀಲರೂ ಅವರಿಗೆ ತಿಳಿಯ ಹೇಳಿದರೆ ಅರ್ಧ ಕೆಲಸವಾದಂತೆ. ಗಡಿಗೆಯು ಕಂಡಲ್ಲಿಯೇ ಅಗೆತವನ್ನು ನಿಲ್ಲಿಸಬೇಕು, ಗಡಿಗೆಯ ಚೂರುಗಳನ್ನು ಎಸೆಯಬಾರದು, ನಾಣ್ಯಗಳನ್ನು ತೊಳೆಯಬಾರದು, ನೆಲದಿಂದ ಎಷ್ಟು ಆಳದಲ್ಲಿತ್ತೆಂಬುದನ್ನು ಒಂದು ಕೋಲಿನಿಂದಾದರೂ ಅಳೆದು ಬರೆದಿಡಬೇಕು.

ಹಣವಿಲ್ಲದ ವಿದ್ಯಾರ್ಥಿಯು ಈ ಶಾಸ್ತ್ರದಿಂದ ದೂರ ಉಳಿಯಬೇಕಾಗಿಲ್ಲ. ನಾಣ್ಯದ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು ಅಧ್ಯಯನ ಮಾಡುವುದು ಪಂಡಿತರಿಗೂ ಸಮ್ಮತವಾದ ಹಳೆಯ ಪದ್ಧತಿ. ಯುರೋಪಿನಲ್ಲಿ ಸಂಗ್ರಹಕಾರರು ಇಂತಹವನ್ನು ಇಡಲು ಮರದ ತಟ್ಟೆಗಳಲ್ಲಿ ದುಂಡನೆಯ ಕುಳಿಗಳನ್ನು ಕೊರೆಯಿಸುವರು. ಚನ್ನಪಟ್ಟಣದ ಚಿತ್ರಗಾರರು ಆಲೆಮರವನ್ನು ಕಡೆದು ಮಕ್ಕಳ ಬುಗುರಿಯನ್ನೂ ಚದುರಂಗದ ಕಾಯಿಗಳನ್ನೂ ಮಾಡುವ ಕೈಚಳಕವನ್ನು ನೋಡಿದವರಿಗೆ, ಒಂದಂಗುಲದ ಕುಳಿಗಳ ತಟ್ಟೆಯನ್ನು ಅವರಿಂದ ಮಾಡಿಸಿಕೊಳ್ಳುವುದು ಕಷ್ಟವೆಂದು ತೋರಲಾರದು. ಅರಗಿನ ಬಣ್ಣವನ್ನು ಮಾತ್ರ ಹೊರಮೈಗೆ ಹಚ್ಚಿಸಬೇಕು, ಕುಳಿಯ ಒಳಗೆ ಬೇಡ. ಪ್ರತಿಯೊಂದು ಕುಳಿಯ ತಳದಲ್ಲಿ ಒಂದು ದುಂಡು ಚೀಟಿಯನ್ನು ಇಟ್ಟು, ಒತ್ತಿಸಿದವನ ಹೆಸರು, ಇಸವಿ, ತೂಕ, ದೊರೆತ ಊರು ಇವನ್ನು ಬರೆಯತಕ್ಕದ್ದು. ದೊರೆತ ಊರು ತಿಳಿಯದಿದ್ದರೆ ಆ ಜಾಗವನ್ನು ಖಾಲಿ ಬಿಡಬೇಕು. ಅಂಗಡಿಯವನು ಹೇಳಿದುದನ್ನು ಅಲ್ಲಿ ತುಂಬಬಾರದು.